ಎರಡನೇ ಪರೀಕ್ಷೆಗೆ ಬಾರದವರು: ಹೆಪಟೈಟಿಸ್ ತಪಾಸಣೆ

ಪ್ರಶ್ನೆ: ನಾನು ಲ್ಯಾಬ್ ಟೆಕ್ನಿಷಿಯನ್. ಹೆಪಟೈಟಿಸ್ ಸಿ (ಯಕೃತ್ತಿನ ವೈರಸ್ ಸೋಂಕು) ಆ್ಯಂಟಿಬಾಡಿ, ಅಂದರೆ ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ, ಪಾಸಿಟಿವ್ ಬಂದವರನ್ನು ಆರ್‌ಎನ್‌ಎ ಪರೀಕ್ಷೆಗೆ (ರಕ್ತದಲ್ಲಿ ಈಗ ವೈರಸ್ ಇದೆಯೇ ಎಂದು ನೋಡಲು) ಮತ್ತೆ ಬರಹೇಳಿದರೆ ಹಲವರು ಬರುವುದೇ ಇಲ್ಲ. ಏನು ಮಾಡಬಹುದು?

ಉತ್ತರ: ಮತ್ತೆ ಬರಹೇಳುವುದನ್ನೇ ಬಿಡಿ. ಮೊದಲ ಸಲ ರಕ್ತ ತೆಗೆಯುವಾಗಲೇ ಇನ್ನೊಂದು ಇಡಿಟಿಎ ಟ್ಯೂಬ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಟ್ಯೂಬ್) ತುಂಬಿಸಿಡಿ. ಆ್ಯಂಟಿಬಾಡಿ ಪಾಸಿಟಿವ್ ಆದರೆ ಅದು ನೇರವಾಗಿ ಆರ್‌ಎನ್‌ಎ ಪರೀಕ್ಷೆಗೆ ಹೋಗಲಿ. ಒಂದೇ ಟ್ಯೂಬಿನಲ್ಲಿ ಎರಡನ್ನೂ ಮಾಡಲು ಹೋದರೆ, ಆ್ಯಂಟಿಬಾಡಿ ಯಂತ್ರದ ಸೂಜಿಯಿಂದ ಬೇರೊಬ್ಬರ ಮಾದರಿಯ ಅಂಶ ಸೇರಿಕೊಂಡು ಸುಳ್ಳು ಪಾಸಿಟಿವ್ ಬರಬಹುದು. ಪ್ಲಾಸ್ಮಾವನ್ನು (ರಕ್ತದ ದ್ರವಭಾಗ) 24 ಗಂಟೆಯೊಳಗೆ ಬೇರ್ಪಡಿಸಿ. ತಡವಾದರೆ ಆರ್‌ಎನ್‌ಎ ಒಡೆಯುತ್ತದೆ. ಎಷ್ಟು ದಿನ, ಯಾವ ತಾಪಮಾನದಲ್ಲಿ ಇಡಬಹುದೆಂಬುದಕ್ಕೆ ನಿಮ್ಮ ಕಿಟ್‌ನ ಕೈಪಿಡಿಯೇ ಪ್ರಮಾಣ. ‘ಪಾಸಿಟಿವ್ ಬಂದರೆ ಆರ್‌ಎನ್‌ಎ ಮಾಡಿ’ ಎಂದು ವೈದ್ಯರು ಮೊದಲ ಚೀಟಿಯಲ್ಲೇ ಬರೆದಿರಬೇಕು. ಸಾಮಾನ್ಯವಾಗಿ ಕೆಲಸ ನಿಲ್ಲುವುದು ಇಲ್ಲೇ, ಯಂತ್ರದಲ್ಲಲ್ಲ.

ಆರ್‌ಎನ್‌ಎ ಫಲಿತಾಂಶ ಬರುವ ಮುನ್ನ ಯಾರನ್ನೂ ‘ಹೆಪಟೈಟಿಸ್ ಸಿ ರೋಗಿ’ ಎನ್ನಬೇಡಿ. ಕೆಲವರಲ್ಲಿ ಸೋಂಕು ತಾನಾಗಿಯೇ ಹೋಗಿರುತ್ತದೆ, ಕೆಲವರು ಔಷಧಿಯಿಂದ ಗುಣವಾಗಿರುತ್ತಾರೆ. ಆ್ಯಂಟಿಬಾಡಿ ಮಾತ್ರ ಉಳಿದುಬಿಡುತ್ತದೆ. ಇದರ ಉಲ್ಟಾ ಕೂಡ ಇದೆ: ಸೋಂಕು ತಗುಲಿ 8ರಿಂದ 11 ವಾರ ಆ್ಯಂಟಿಬಾಡಿ ಕಾಣದೇ ಇರಬಹುದು, ಆರ್‌ಎನ್‌ಎ 1–2 ವಾರದಲ್ಲೇ ಸಿಗುತ್ತದೆ. ಇತ್ತೀಚೆಗೆ ಸೂಜಿ ಚುಚ್ಚಿಕೊಂಡವರಿಗೂ ರೋಗನಿರೋಧಕ ಶಕ್ತಿ ಕುಂದಿದವರಿಗೂ ನೆಗೆಟಿವ್ ಆ್ಯಂಟಿಬಾಡಿ ನಂಬಿ ಕಳಿಸಬೇಡಿ.

ಪ್ರಶ್ನೆ: ಹೆಪಟೈಟಿಸ್ ಬಿಗೆ ಎಚ್‌ಬಿಎಸ್‌ಎಜಿ (ವೈರಸ್‌ನ ಮೇಲ್ಮೈ ಪ್ರೋಟೀನ್ ಹುಡುಕುವ ಪರೀಕ್ಷೆ) ಒಂದೇ ಸಾಕೇ?

ಉತ್ತರ: ಈಗ ಸೋಂಕಿದೆಯೇ ಎಂದಷ್ಟೇ ಬೇಕಿದ್ದರೆ ಬಹುಪಾಲು ಸಾಕು. ಆದರೆ ಯಾರಿಗೆ ಲಸಿಕೆ ಬೇಕು, ಯಾರಿಗೆ ಹಿಂದೆ ಸೋಂಕಾಗಿತ್ತು ಎಂಬುದು ಅದರಿಂದ ತಿಳಿಯದು. ಜೊತೆಗೆ ಆ್ಯಂಟಿ-ಎಚ್‌ಬಿಎಸ್ (ರಕ್ಷಣೆ ಇದೆಯೇ ಎಂದು ತೋರಿಸುವ ಪ್ರತಿಕಾಯ) ಮತ್ತು ಒಟ್ಟು ಆ್ಯಂಟಿ-ಎಚ್‌ಬಿಸಿ (ಈಗ ಅಥವಾ ಹಿಂದೆ ಸೋಂಕಾಗಿದೆ ಎಂದು ತೋರಿಸುವ ಪ್ರತಿಕಾಯ) ಮಾಡಿಸಿ. ಲಸಿಕೆ ಪೂರ್ಣಗೊಂಡ ಮೇಲೆ ಆ್ಯಂಟಿ-ಎಚ್‌ಬಿಎಸ್ ಪ್ರತಿ ಮಿಲಿಲೀಟರಿಗೆ 10 ಮಿಲಿ-ಯೂನಿಟ್ ಅಥವಾ ಹೆಚ್ಚಿದ್ದರೆ ರಕ್ಷಣೆ ಇದೆ. ಆ್ಯಂಟಿ-ಎಚ್‌ಬಿಸಿ ಒಂದೇ ಪಾಸಿಟಿವ್ ಇದ್ದರೆ ಅಲಕ್ಷಿಸಬೇಡಿ: ರೋಗನಿರೋಧಕ ಶಕ್ತಿ ಕುಗ್ಗಿಸುವ ರಿಟುಕ್ಸಿಮ್ಯಾಬ್‌ನಂಥ ಔಷಧಿ ಕೊಟ್ಟಾಗ ಅಡಗಿದ್ದ ವೈರಸ್ ಮತ್ತೆ ಎದ್ದು ಯಕೃತ್ತನ್ನೇ ಕೆಡಿಸಬಲ್ಲದು. ಹೆಪಟೈಟಿಸ್ ಸಿ ಚಿಕಿತ್ಸೆ ಶುರುಮಾಡುವ ಮುನ್ನವೂ ಬಿ ಪರೀಕ್ಷೆ ಮಾಡಲೇಬೇಕು. ಇನ್ನೊಂದು: ಲಸಿಕೆ ಹಾಕಿಸಿಕೊಂಡ ಸುಮಾರು ಮೂರು ವಾರಗಳೊಳಗೆ ಎಚ್‌ಬಿಎಸ್‌ಎಜಿ ತಾತ್ಕಾಲಿಕವಾಗಿ ಪಾಸಿಟಿವ್ ಬರಬಹುದು. ಕೊನೆಯ ಡೋಸ್ ಯಾವಾಗ ಎಂದು ಕೇಳದೆ ಯಾರನ್ನೂ ಹೆದರಿಸಬೇಡಿ.

ಪ್ರಶ್ನೆ: ಎಎಲ್‌ಟಿ (ಯಕೃತ್ತಿಗೆ ಹಾನಿಯಾದಾಗ ರಕ್ತದಲ್ಲಿ ಏರುವ ಕಿಣ್ವ) ಸರಿಯಿದ್ದವರಿಗೂ ತಪಾಸಣೆ ಬೇಕೇ?

ಉತ್ತರ: ಬೇಕು. ಬಿ, ಸಿ ಎರಡರಲ್ಲೂ ದೀರ್ಘಕಾಲದ ಸೋಂಕಿದ್ದೂ ಎಎಲ್‌ಟಿ ಸಹಜ ಮಟ್ಟದಲ್ಲೇ ಇರಬಹುದು.