ಹಳೇ ಚಾವಡೀಲಿ ಬೀಗರೂಟ ಮಾಡಬಹುದಾ?

ಪ್ರಶ್ನೆ: ನಮ್ದು ಮದ್ದೂರು ತಾಲ್ಲೂಕಿನ ಹಳ್ಳಿ ಸಾರ್. ಊರ ಮಧ್ಯ ಮುತ್ತಾತನ ಕಾಲದ ಚಾವಡಿ ಇದೆ, ಗಾರೆ ಗೋಡೆ, ಮರದ ಕಂಬ, ಮೇಲೆ ಹೆಂಚು. ಮೊದ್ಲು ಇಸ್ಕೂಲು, ನ್ಯಾಯ ಪಂಚಾಯ್ತಿ, ನಾಟಕದ ತಾಲೀಮು ಎಲ್ಲಾ ಅಲ್ಲೇ ನಡೀತಿತ್ತಂತೆ, ಈಗ ಖಾಲಿ ಬಿದ್ದಿದೆ. ರಿಪೇರಿ ಮಾಡಿ ಫಂಕ್ಷನ್‌ಗೆ ಬಾಡಿಗೆಗೆ ಬಿಡೋಣ ಅಂತ ನಾವೊಂದಷ್ಟು ಹುಡುಗ್ರು, ಕೆಡವಿ ಆರ್‌ಸಿಸಿ ಭವನ ಕಟ್ಸೋಣ ಅಂತ ಇನ್ನೊಂದಷ್ಟು ಜನ. ಕೆಲವು ಹಿರೀಕರು ಮಾತ್ರ ‘ಬಾಡಿಗೆ ಅಂದ್ಮೇಲೆ ಯಾರ್ಯಾರೋ ಬರ್ತಾರೆ, ಎಲ್ರಿಗೂ ಕೊಡಕ್ಕಾಗಲ್ಲ’ ಅಂತಾರೆ. ಏನ್ ಮಾಡೋದು?

ಉತ್ತರ: ಕೆಡವಬೇಡ್ರಪ್ಪ. ಏಪ್ರಿಲ್ ಬಿಸಿಲಲ್ಲಿ ಆರ್‌ಸಿಸಿ ಭವನದಲ್ಲಿ ಒಂದು ಊಟ ಮುಗಿಸಿ ಬಂದು ನಿಮ್ ಚಾವಡಿ ಗೋಡೆಗೆ ಒರಗಿ ಕೂತ್ಕೊಳಿ, ವ್ಯತ್ಯಾಸ ಬೆನ್ನಿಗೇ ಗೊತ್ತಾಗುತ್ತೆ.

ಚಂದಾ ಎತ್ತೋಕೆ ಮುಂಚೆ ಜಾಗ ಯಾರ ಹೆಸರಲ್ಲಿದೆ ನೋಡಿ. ಪಂಚಾಯ್ತಿದಾ, ದೇವಸ್ಥಾನದ್ದಾ, ಯಾರಾದ್ರೂ ಗೌಡ್ರ ಮನೆಯವರು ಬಾಯಿಮಾತಲ್ಲಿ ಬಿಟ್ಕೊಟ್ಟಿದ್ದಾ? ಪಂಚಾಯ್ತಿದಾದ್ರೆ ಬಾಡಿಗೆ ಎಷ್ಟು, ದುಡ್ಡು ಯಾವ ಖಾತೆಗೆ ಅಂತ ಮೀಟಿಂಗಲ್ಲಿ ಠರಾವು ಆಗ್ಲಿ, ರಸೀದಿ ಬುಕ್ ಇರ್ಲಿ, ಇಲ್ಲಾಂದ್ರೆ ಎರಡನೇ ವರ್ಷಕ್ಕೇ ‘ದುಡ್ಡೆಲ್ಲಿ ಹೋಯ್ತು’ ಅಂತ ಅದೇ ಚಾವಡೀಲಿ ನ್ಯಾಯ ಸೇರಿಸ್ಬೇಕಾಗುತ್ತೆ. ಪುರಾತತ್ವ ಇಲಾಖೆಯ ಸಂರಕ್ಷಿತ ಪಟ್ಟೀಲಿದ್ರೆ ಮಾತ್ರ ಪರ್ಮಿಷನ್ ಇಲ್ದೆ ಕೈ ಹಾಕ್ಬೇಡಿ.

ಈಗ ರಿಪೇರಿ ವಿಚಾರ, ಎಲ್ರೂ ಎಡವೋದೇ ಇಲ್ಲಿ. ದಯವಿಟ್ಟು ಸಿಮೆಂಟ್ ಪ್ಲಾಸ್ಟರ್ ಮಾಡಿಸ್ಬೇಡಿ. ಗಾರೆ ಗೋಡೆ ನೆಲದ ತೇವ ಎಳ್ಕೊಂಡು ಹೊರಗೆ ಬಿಡ್ತಾ ಇರುತ್ತೆ, ಮೇಲೆ ಸಿಮೆಂಟ್ ಬಳಿದ್ರೆ ಆ ತೇವ ಒಳಗೇ ಕೂತು ಉಪ್ಪು ಉಕ್ಕಿ ಒಂದೆರಡು ಮಳೆಗಾಲದಲ್ಲಿ ಚಕ್ಕೆ ಚಕ್ಕೆ ಎದ್ದು ಬರುತ್ತೆ, ಕೊನೆಗೆ ‘ಹಳೇ ಗೋಡೆ ಸರಿಯಿಲ್ಲ’ ಅಂತ ಗೋಡೆ ಮೇಲೇ ತಪ್ಪು ಹೊರಿಸ್ತೀವಿ. ಸುಣ್ಣ, ಮರಳು, ಅದಕ್ಕೆ ಬೆಲ್ಲ ಅಳಲೆಕಾಯಿ ನೆನೆಸಿದ ನೀರು ಹಾಕಿ ಗಾರೆ ಅರೆಯೋದು ಗೊತ್ತಿರೋ ಮೇಸ್ತ್ರಿನ ಹುಡುಕಿ. ಬೆಲ್ಲಕ್ಕಂತೂ ಮಂಡ್ಯದಲ್ಲಿ ಬರ ಇಲ್ಲ! ಬಣ್ಣನೂ ಸುಣ್ಣದ್ದೇ ಸಾಕು. ಒಡೆದ ಹೆಂಚು ಬದಲಾಯಿಸಿ, ತೊಲೆಗೆ ಗೆದ್ದಲು ಹತ್ತಿದೆಯಾ ನೋಡ್ಸಿ, ಹಳೇ ವೈರಿಂಗ್ ಪೂರ್ತಿ ಕಿತ್ತು ಹೊಸದು ಹಾಕ್ಸಿ.

ಬೀಗರೂಟಕ್ಕೆ ಕೊಡಬಹುದಾ? ಧಾರಾಳವಾಗಿ ಕೊಡಿ, ಒಲೆ ಮಾತ್ರ ಹೊರಗೆ. ಮುದ್ದೆ, ಬಾಡಿನ ಸಾರು, ಬೋಟಿ ಗೊಜ್ಜು ಎಲ್ಲಾ ಹಿತ್ತಲಲ್ಲಿ ತಗಡಿನ ಶೆಡ್ಡಿನಡಿ ಬೇಯ್ಲಿ, ಒಳಗೆ ಬಡಿಸೋದಷ್ಟೇ. ಮರದ ತೊಲೆ ಕೆಳಗೆ ಸೌದೆ ಒಲೆ ಹಚ್ಚೋದು ಹುಡುಗಾಟ ಅಲ್ಲ. ಕಂಬಕ್ಕೆ ಮೊಳೆ ಹೊಡೆಯಂಗಿಲ್ಲ, ಡಿಜೆ ಒಳಗೆ ತರಂಗಿಲ್ಲ ಅಂತ ರಸೀದಿ ಹಿಂದೇನೇ ಪ್ರಿಂಟ್ ಹಾಕ್ಸಿ, ಡೆಪಾಸಿಟ್ ಇಸ್ಕೊಳಿ. ನಾಟಕದ ತಾಲೀಮಿಗೆ, ಸಂಘದ ಹೆಂಗಸರ ಮೀಟಿಂಗಿಗೆ ಬಾಡಿಗೆ ಬೇಡ, ಕರೆಂಟ್ ಬಿಲ್ ಕೊಟ್ರೆ ಸಾಕು. ಹಾರ್ಮೋನಿಯಂ ಮೇಷ್ಟ್ರು ವಾರಕ್ಕೆರಡು ಸಲ ಬಂದು ಬಾಗಿಲು ತೆಗೆದ್ರೆ ಸೋರೋ ಹೆಂಚು ಅವರ ಕಣ್ಣಿಗೇ ಮೊದ್ಲು ಬೀಳುತ್ತೆ, ಬೀಗ ಹಾಕಿಟ್ಟ ಚಾವಡೀಲಿ ಅದನ್ನ ನೋಡೋರು ಯಾರು?

ಇನ್ನು ಹಿರೀಕರ ಮಾತು. ‘ಯಾರ್ಯಾರೋ’ ಅಂದ್ರೆ ಯಾವ ಬೀದಿಯೋರು ಅಂತ ನಿಮಗೂ ಗೊತ್ತು ನನಗೂ ಗೊತ್ತು. ಸಾರ್ವಜನಿಕರ ಜಾಗಕ್ಕೆ ಜಾತಿ ನೋಡಿ ಬರಬೇಡ ಅನ್ನೋದು 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ದಲಿತರಿಗೆ ಹಂಗಂದ್ರೆ 1989ರ ದೌರ್ಜನ್ಯ ತಡೆ ಕಾಯ್ದೇನೂ ಬರುತ್ತೆ. ಕಾನೂನು ಹೇಳಿದ್ರೆ ಹಿರೀಕರು ಮುನಿಸ್ಕೋಬಹುದು, ಅದಕ್ಕೆ ಮೈಸೂರಿನ ಜಗನ್ಮೋಹನ ಅರಮನೆ ಕತೆ ಹೇಳಿ. 1902ರಲ್ಲಿ ನಾಲ್ವಡಿಯವರಿಗೆ ಪೂರ್ಣ ರಾಜ್ಯಾಧಿಕಾರ ಕೊಟ್ಟಿದ್ದು ಅಲ್ಲೇ, ಆಮೇಲೆ ಅದೇ ಅರಮನೆ ಸಭಾಂಗಣದಲ್ಲಿ ಊರವರೆಲ್ಲಾ ಕೂತು ಸಂಗೀತ ಕೇಳಿದಾರೆ, ನಾಟಕ ನೋಡಿದಾರೆ. ಅರಮನೆಗಿಲ್ದಿರೋ ಮಡಿ ನಮ್ ಚಾವಡಿಗ್ಯಾಕೆ ಅಜ್ಜ ಅಂತ ಕೇಳಿ ನೋಡಿ. ಮೊದಲನೇ ಬುಕಿಂಗ್ ಆ ಬೀದಿಯ ನಾಮಕರಣಾನೋ ಸೀಮಂತಾನೋ ಆದ್ರೆ ಇನ್ನೂ ಒಳ್ಳೇದು, ಊರೆಲ್ಲಾ ಹೋಗಿ ಉಂಡ್ ಬನ್ನಿ.

ಪ್ರಶ್ನೆ: ಮಗಳ ನಾಮಕರಣಕ್ಕೆ ಶ್ರೀರಂಗಪಟ್ಟಣದ ಹತ್ರ ಒಂದು ಹಳ್ಳಿ ಹಾಲ್ ನೋಡಿದೀವಿ. ಸಾಯಂಕಾಲ ಆರ್ಕೆಸ್ಟ್ರಾ ಎಷ್ಟೊತ್ತಿನ ತನಕ ಇಟ್ಕೋಬಹುದು? ಬೇರೆ ಏನೇನು ಕೇಳ್ಬೇಕು?

ಉತ್ತರ: ಮೈಕು ರಾತ್ರಿ 10ಕ್ಕೆ ಬಂದ್, ಬೆಳಿಗ್ಗೆ 6ರ ತನಕ ಹಚ್ಚಂಗಿಲ್ಲ, 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಅದು. ಅದಕ್ಕೂ ಮುಂಚೆ ಹಚ್ಚೋಕೆ ಪೊಲೀಸ್ ಸ್ಟೇಷನ್ನಲ್ಲಿ ಪರ್ಮಿಷನ್ ತಗೊಳಿ. ನೀರಿನ ಟ್ಯಾಂಕು, ಜನರೇಟರ್, ವಯಸ್ಸಾದೋರಿಗೆ ಟಾಯ್ಲೆಟ್, ಇಷ್ಟು ಕಣ್ಣಾರೆ ನೋಡಿ ಅಡ್ವಾನ್ಸ್ ಕೊಡಿ. ಉಂಡೆಲೆ ಎಲ್ಲಿ ಹಾಕೋದು ಅಂತ ಅವತ್ತೇ ಕೇಳ್ಬಿಡಿ, ನಮ್ಮನೆ ಫಂಕ್ಷನ್ನಲ್ಲಿ ಅದೊಂದು ಕೇಳದೆ ರಾತ್ರಿ ಹನ್ನೊಂದಕ್ಕೆ ನಾನೂ ನಮ್ ಭಾವನೂ ಎಲೆ ಮೂಟೆ ಸ್ಕೂಟರ್ ಮೇಲಿಟ್ಕೊಂಡು ತಿಪ್ಪೆ ಹುಡುಕ್ತಾ ಊರೆಲ್ಲಾ ಸುತ್ತಿದೀವಿ, ನಾಯಿಗಳು ಹಿಂದೆ.