ನಗರಕ್ಕೆ ಹೋಗಿದ್ದೆಯಾ?

ಈ ಸಲದ ಪತ್ರ ನಮ್ಮ ಕಾಸರಗೋಡು ಜಿಲ್ಲೆಯ ಹೊಸದುರ್ಗದಿಂದ ಬಂದಿದೆ. ಬರೆದವರು ನಿವೃತ್ತ ಅಧ್ಯಾಪಿಕೆ. ಹೆಸರು ಹಾಕಬೇಡಿ, ಮನೆಯಲ್ಲಿ ಜಗಳವಾದೀತು ಎಂದಿದ್ದಾರೆ. ಪತ್ರ ಒಂಬತ್ತು ಪುಟ ಇರುವುದರಿಂದ ಸಾರ ಮಾತ್ರ ಕೊಡುತ್ತೇನೆ:

"ನಮ್ಮದು ಕೋಟೆಯವರ ಮನೆ. ನಮ್ಮ ಹಿರಿಯರು ಕೆಳದಿಯ ಅರಸ ಶಿವಪ್ಪ ನಾಯಕನ ದಂಡಿನ ಜೊತೆ ಘಟ್ಟ ಇಳಿದು ಬಂದ ದಳವಾಯಿಗಳು ಎಂದು ಅಜ್ಜಿ ಹೇಳುತ್ತಿದ್ದರು. ಅದೇ ಅಜ್ಜಿ ಇನ್ನೊಂದು ದಿನ ಇನ್ನೊಂದು ಕತೆ ಹೇಳುತ್ತಿದ್ದರು. ಅಡಿಕೆ ವ್ಯಾಪಾರದಲ್ಲಿ ಸಾಲ ಮಾಡಿ, ತೀರಿಸಲಾಗದೆ, ರಾತ್ರಿ ಕಂಬಳಿ ಹೊದ್ದು ಓಡಿ ಬಂದವನೊಬ್ಬ ನಮ್ಮ ಮೂಲಪುರುಷನಂತೆ. ಯಾರಾದರೂ ಮನೆಗೆ ತಡವಾಗಿ ಬಂದರೆ 'ಎಂತ, ನಗರಕ್ಕೆ ಹೋಗಿದ್ದೆಯಾ?' ಎಂದು ಗದರಿಸುತ್ತಿದ್ದರು. ಈಗ ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗ ಕುಟುಂಬದ ಪುಸ್ತಕ ಮಾಡುತ್ತಿದ್ದಾನೆ. ಅವನಿಗೆ ಸಿಕ್ಕಿದ ಅತಿ ಹಳೆಯ ಕಾಗದ 1911ರ ಅಡವು ಪತ್ರ. ಅದರ ಹಿಂದಿನದೆಲ್ಲ ಅಡಗೂಲಜ್ಜಿ ಕತೆ, ಸೇರಿಸುವುದಿಲ್ಲ ಎನ್ನುತ್ತಾನೆ. ವಂಶದ ಮೂಲ ತಿಳಿಯಲು ಉಗುಳು ಪರೀಕ್ಷೆಗೂ ಕಳಿಸಿದ್ದ, 'ದಕ್ಷಿಣ ಭಾರತೀಯ' ಎಂದು ವರದಿ ಬಂತು. ಯಾರು ಸರಿ, ನೀವೇ ತೀರ್ಮಾನಿಸಿ."

ಟೀಚರೇ,

ನಿಮ್ಮ ಅಣ್ಣನ ಮಗ ಹೇಳುವುದರಲ್ಲಿ ತಪ್ಪಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನಗೆ ನೆನಪಿರುವುದಿಲ್ಲ. ಶಿವಪ್ಪ ನಾಯಕ ತೀರಿಕೊಂಡದ್ದು 1660ರಲ್ಲಿ. ಅಲ್ಲಿಂದ ನಿಮ್ಮ ಅಡವು ಪತ್ರಕ್ಕೆ 251 ವರ್ಷ. ಕಡಿಮೆ ಅಂದರೂ ಎಂಟು ಹತ್ತು ತಲೆಮಾರು. ಅಷ್ಟು ದೂರದಿಂದ ಕತೆ ಬಾಯಿಂದ ಬಾಯಿಗೆ ದಾಟಿ ಬರುವಾಗ ನಡುವಿನ ಅಜ್ಜಂದಿರೆಲ್ಲ ಸೇರಿ ಒಬ್ಬನೇ ಅಜ್ಜ ಆಗಿಬಿಡುತ್ತಾರೆ. ಮತ್ತೆ, ಶಿವಪ್ಪ ನಾಯಕನ ಹೆಸರು ಅಂಟಿಕೊಂಡಿರುವುದು ಬೇಕಲ ಕೋಟೆಗೆ. ನಿಮ್ಮ ಹೊಸದುರ್ಗದ ಕೋಟೆಗೆ ಎಲ್ಲರೂ ಹೇಳುವುದು ಸೋಮಶೇಖರ ನಾಯಕನ ಹೆಸರು. ಹುಡುಗ ಇದನ್ನೆಲ್ಲ ನೋಡಿಯೇ ಅನುಮಾನಪಟ್ಟಿರಬೇಕು. ಅವನಿಗೆ ನನ್ನ ಶಾಬಾಸ್ ತಿಳಿಸಿ.

ಉಗುಳಿಗೆ ಅಷ್ಟು ದುಡ್ಡು ಯಾಕೆ ಸುರಿದ ಎಂದು ಮಾತ್ರ ಗೊತ್ತಾಗಲಿಲ್ಲ. ನೀವು ದಕ್ಷಿಣ ಭಾರತೀಯರು ಎಂದು ಒಂದು ಲೋಟ ಚಹಾಕ್ಕೆ ನಾನೇ ಹೇಳುತ್ತಿದ್ದೆ.

ಈಗ ಅಜ್ಜಿಯ ವಿಷಯ. ನಿಮ್ಮ ಒಂಬತ್ತು ಪುಟದಲ್ಲಿ ಚಿನ್ನದಂಥ ಸಾಲು ಒಂದೇ ಒಂದು. ಅದನ್ನು ನೀವು ಸುಮ್ನೆ ತಮಾಷೆಗೆ ಎಂಬಂತೆ ನಡುವೆ ತುರುಕಿದ್ದೀರಿ. 'ನಗರಕ್ಕೆ ಹೋಗಿದ್ದೆಯಾ?' ಎಂಬ ಸಾಲು ಅದು.

ನಮ್ಮ ಕಡೆಯ ಹಳೆಯ ಹೆಂಗಸರು ಪಟ್ಟಣಕ್ಕೆ 'ನಗರ' ಎಂದು ಹೇಳಿದ್ದನ್ನು ನೀವು ಎಂದಾದರೂ ಕೇಳಿದ್ದೀರಾ? ಅವರಿಗೆ ಅದು ಪೇಟೆ. ಕಾಸರಗೋಡು ಪೇಟೆ, ಕಾಞಂಗಾಡು ಪೇಟೆ. ಮಂಗಳೂರಿಗೆ ಹೋದರೂ ಪೇಟೆಗೆ ಹೋದದ್ದೇ. 'ನಗರ' ಎಂಬುದು ಪಾಠಪುಸ್ತಕದ ಮಾತು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯ ಬಾಯಿಗೆ ಅದು ಎಲ್ಲಿಂದ ಬರಬೇಕು? ಅವರು ಹೇಳಿದ್ದು ಒಂದು ಊರಿನ ಹೆಸರು, ಟೀಚರೇ. ಕೆಳದಿ ಅರಸರ ಕೊನೆಯ ರಾಜಧಾನಿ ಬಿದನೂರು. 1763ರಲ್ಲಿ ಹೈದರಾಲಿ ಅದನ್ನು ಹಿಡಿದು ಹೈದರ್‌ನಗರ ಎಂದು ಕರೆದ. ಅದೇ ಸವೆದು ಬರೀ ನಗರ ಆಯಿತು. ಈಗಲೂ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನಲ್ಲಿದೆ. ಅಲ್ಲಿಂದ ಘಟ್ಟ ಇಳಿದರೆ ಮೊದಲು ಸಿಗುವುದು ಹೊಸಂಗಡಿ. (ನಮ್ಮ ಮಂಜೇಶ್ವರದ ಹತ್ತಿರದ ಹೊಸಂಗಡಿ ಬೇರೆ.) ಕಾಲ್ನಡಿಗೆಯಲ್ಲಿ ಹೋಗಿ ಬರಲು ಎಷ್ಟು ದಿನ ಬೇಕು, ಲೆಕ್ಕ ಹಾಕಿ. ತಡವಾಗಿ ಬಂದವನಿಗೆ ಬೈಯಲು ಇದಕ್ಕಿಂತ ಒಳ್ಳೆಯ ಮಾತು ಇರಲಿಕ್ಕಿಲ್ಲ.

ನನ್ನ ಊಹೆ ಸರಿಯಾದರೆ ಇನ್ನೊಂದು ಸಂಗತಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಶಿವಪ್ಪ ನಾಯಕನ ಕಾಲದಲ್ಲಿ ಹೊರಟು ಬಂದವರ ಬಾಯಲ್ಲಿ ಆ ಊರು ಬಿದನೂರೇ ಆಗಿರಬೇಕಿತ್ತು. 'ನಗರ' ಎಂಬ ಹೆಸರು ನಿಮ್ಮ ಮನೆಯಲ್ಲಿ ಉಳಿದಿದೆ ಎಂದರೆ 1763 ಕಳೆದ ಮೇಲೆ ನಿಮ್ಮ ಹಿರಿಯರಲ್ಲಿ ಯಾರೋ ಆ ದಾರಿ ನಡೆದಿದ್ದಾರೆ. ಅಜ್ಜಿಯ ಬೈಗುಳದ ಮೇಲೆ ತಾರೀಕು ಹಾಕಿದ ಹಾಗೆ ಆಯಿತಲ್ಲ! 1911ರ ಕಾಗದಕ್ಕಿಂತ ಹಿಂದಕ್ಕೆ ಹೋಗಲಾರೆ ಎಂದ ಹುಡುಗನಿಗೆ ಅಜ್ಜಿ ಒಂದೇ ಮಾತಿನಲ್ಲಿ ಇನ್ನೂ ನೂರು ವರ್ಷ ಹಿಂದಿನ ದಾರಿ ತೋರಿಸುತ್ತಿದ್ದಾರೆ.

ಹಾಗಾದರೆ ದಳವಾಯಿ? ದಳವಾಯಿಯನ್ನು ಬಿಟ್ಟುಬಿಡಿ. ಸಂಪಾದಕನಾಗಿ ಎಷ್ಟೋ ಮನೆಗಳ ಚರಿತ್ರೆ ಓದಿದ್ದೇನೆ. ಎಲ್ಲರ ಮೂಲಪುರುಷನೂ ದಳವಾಯಿ, ದಿವಾನ, ಇಲ್ಲವೇ ಅರಸನ ಬಲಗೈ. ಆ ದಂಡಿಗೆ ನೀರು ಹೊತ್ತವರು, ಕುದುರೆಗೆ ಹುಲ್ಲು ಕೊಯ್ದವರು, ಅಕ್ಕಿ ಬೇಯಿಸಿದವರು ಎಲ್ಲಿ ಹೋದರು ಮಾರಾಯ್ರೆ? ಅವರಿಗೆ ಮಕ್ಕಳೇ ಆಗಲಿಲ್ಲವೇ? ನನ್ನದೊಂದು ಲೆಕ್ಕಾಚಾರ ಇದೆ, ಇಷ್ಟು ವರ್ಷದಲ್ಲಿ ಕೈಕೊಟ್ಟದ್ದು ಕಡಿಮೆ. ಮನೆಗೆ ಮರ್ಯಾದೆ ತರುವ ಕತೆಯನ್ನು ಅರ್ಧ ನಂಬಬೇಕು. ಮರ್ಯಾದೆ ಕಳೆಯುವ ಕತೆಯನ್ನು ಪೂರ್ತಿ ನಂಬಬೇಕು. ಸಾಲ ತೀರಿಸದೆ ಓಡಿ ಬಂದ ಎಂದು ಯಾರೂ ತಮ್ಮ ಅಜ್ಜನ ಮೇಲೆ ಸುಳ್ಳು ಹೇಳುವುದಿಲ್ಲ. ಅಂಥದ್ದನ್ನು ತಲೆಮಾರುಗಟ್ಟಲೆ ಗುಟ್ಟಿನಲ್ಲಿ ಹೇಳಿಕೊಂಡು ಬಂದಿದ್ದಾರೆ ಎಂದರೆ ಅದು ನಡೆದಿದೆ. ಕಂಬಳಿಯನ್ನೂ ನಾನು ನಂಬುತ್ತೇನೆ.

ನಿಮ್ಮ ಪಕ್ಕದ ನೀಲೇಶ್ವರದ ವಿಷ್ಣುಮೂರ್ತಿ ದೈವದ ಕತೆ ನೋಡಿ. ಪಾಲಂದಾಯಿ ಕಣ್ಣನ್ ಮಾವಿನ ಮರ ಹತ್ತಿ ಹಣ್ಣು ತಿನ್ನುವಾಗ ಒಂದು ಹಣ್ಣು ಅವನ ಯಜಮಾನ ಕುರುಪ್ಪಿನ ಮನೆಯ ಹುಡುಗಿಯ ಮೈಮೇಲೆ ಬಿತ್ತು. ಹೆದರಿ ಮಂಗಳೂರಿಗೆ ಓಡಿದ. ವರ್ಷಗಳ ಮೇಲೆ ತಿರುಗಿ ಬರುವಾಗ ಅವನ ಕೊಡೆಯ ಜೊತೆ ದೈವವೂ ಬಂತು. ಒಂದು ದೈವ ಊರಿಗೆ ಬಂದ ಕತೆಯೇ ಕದ್ದ ಮಾವಿನಹಣ್ಣಿನಿಂದ ಶುರುವಾಗುತ್ತದೆ. ಅದನ್ನು ಯಾರೂ ತಿದ್ದಲಿಲ್ಲ, ಮುಚ್ಚಲಿಲ್ಲ. ಇಂದಿಗೂ ಹಾಡುತ್ತಾರೆ.

ದಾಖಲೆ ಸುಳ್ಳು ಹೇಳುವುದಿಲ್ಲ ಎನ್ನುವವರಿಗೆ ನಮ್ಮ ಮನೆಯ ದಾಖಲೆ ತೋರಿಸುತ್ತೇನೆ. ನಮ್ಮ ಅಪ್ಪ ಮತ್ತು ಇಬ್ಬರು ಚಿಕ್ಕಪ್ಪಂದಿರು, ಮೂವರೂ ಶಾಲೆಯ ರಿಜಿಸ್ಟರ್ ಪ್ರಕಾರ ಹುಟ್ಟಿದ್ದು ಜೂನ್ 1ರಂದು. ನಮ್ಮ ಅಜ್ಜಿಗೆ ಬೇರೆ ಕಸುಬೇ ಇರಲಿಲ್ಲ ನೋಡಿ, ಸರಿಯಾಗಿ ಶಾಲೆ ಶುರುವಾಗುವ ದಿನ ಹೆರುತ್ತಿದ್ದರು! ಅಜ್ಜಿಯನ್ನು ಕೇಳಿದರೆ ಲೆಕ್ಕ ಬೇರೆ. ಅಪ್ಪ ಹುಟ್ಟಿದ್ದು ಕೆಡ್ಡಸ ಹಬ್ಬದ ಎರಡನೇ ದಿನ. ದೊಡ್ಡ ಚಿಕ್ಕಪ್ಪ ಮಾರಿಬೊಳ್ಳದ ವರ್ಷ, ಹಟ್ಟಿಯ ಮಾಡು ಕುಸಿದ ಮರುದಿನ. ಮಾರಿಬೊಳ್ಳ ಎಂಬ ಆ ದೊಡ್ಡ ನೆರೆ 1923ರಲ್ಲಿ ಬಂದದ್ದು. ಮಾಸ್ಟ್ರು ರಿಜಿಸ್ಟರಿನಲ್ಲಿ ಬರೆದದ್ದು ಬೇರೆಯೇ ವರ್ಷ. ಈ ಎರಡರಲ್ಲಿ ನಿಮ್ಮ ಹುಡುಗ ಯಾವುದನ್ನು ಪುಸ್ತಕಕ್ಕೆ ಹಾಕುತ್ತಾನೆ, ಕೇಳಿ ನೋಡಿ.

ಸರಕಾರದ ಕಾಗದ ತೀರ್ವೆಗೆ, ಅಂದರೆ ಭೂಕಂದಾಯಕ್ಕೆ, ಹುಟ್ಟಿದ್ದು. ಅದರಲ್ಲಿ ಇರುವುದು ವರ್ಗದಾರ (ಜಮೀನಿನ ಒಡೆಯ), ಸರ್ವೆ ನಂಬ್ರ, ಎಕರೆ, ಸೆಂಟ್ಸ್. ಕಾಯಂ ಗೇಣಿಯ ಮೂಲಗೇಣಿಯವನ ಕೈಯಲ್ಲಾದರೂ ಒಂದು ಚೀಟಿ ಇರುತ್ತಿತ್ತು. ವರ್ಷವರ್ಷದ ಗೇಣಿಯ ಚಾಲಗೇಣಿಯವರಲ್ಲಿ ಎಷ್ಟೋ ಮಂದಿ ಬರೀ ಬಾಯಿಮಾತಿನ ಮೇಲೆ ತಲೆಮಾರುಗಟ್ಟಲೆ ಉತ್ತವರು. ಕೇರಳದಲ್ಲಿ 1970ರ ಜನವರಿ 1ಕ್ಕೆ ಗೇಣಿ ಪದ್ಧತಿ ಹೋದ ಮೇಲೆಯೇ ಅವರ ಹೆಸರು ಕಾಗದ ಕಂಡದ್ದು, ಪಟ್ಟಯ ಎಂಬ ಹಕ್ಕುಪತ್ರದಲ್ಲಿ. ಕಾಗದವೇ ಆಧಾರ ಎಂದರೆ ಆ ಮನೆಗಳವರೆಲ್ಲ 1970ರಲ್ಲಿ ಆಕಾಶದಿಂದ ಉದುರಿದರೇ?

ಹಾಗೆಂದು ಕಾಗದ ಇಟ್ಟುಕೊಂಡವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು ಇಲ್ಲ ಎಂದಲ್ಲ. ನಿಮ್ಮ ಪೂರ್ವಕ್ಕೆ ರಾಜಪುರ ಇದೆಯಲ್ಲ, 1943ರಲ್ಲಿ ತಿರುವಾಂಕೂರು ಕಡೆಯಿಂದ ಬಂದ ಕ್ನಾನಾಯ ಕ್ರೈಸ್ತರು ಕಾಡು ಕಡಿದು ನೆಲೆಸಿದ ಊರು. ಇಗರ್ಜಿಯ ಪುಸ್ತಕದಲ್ಲಿ ಹುಟ್ಟು, ಮದುವೆ, ಸಾವು ಎಲ್ಲ ಇರುತ್ತದೆ. ಅವರ ಮೊಮ್ಮಕ್ಕಳು ಯಾವ ಉಗುಳನ್ನೂ ಎಲ್ಲಿಗೂ ಕಳಿಸಬೇಕಾಗಿಲ್ಲ.

ನಮ್ಮಂಥವರಿಗೆ ಇಗರ್ಜಿಯ ಪುಸ್ತಕದ ಜಾಗದಲ್ಲಿ ಇರುವುದು ಪೇಪರಿನ ನಿಧನ ವಾರ್ತೆ. ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಎಪ್ಪತ್ತರ ದಶಕದಲ್ಲಿ ನಾನು ಮಂಗಳೂರಿನ ಒಂದು ದಿನಪತ್ರಿಕೆಯಲ್ಲಿ ಹೊಸದಾಗಿ ಸೇರಿದ್ದೆ. ಹೊಸಬರಿಗೆ ಕೊಡುತ್ತಿದ್ದದ್ದು ನಿಧನದ ಕಾಲಂ. ಒಬ್ಬರಿಗೆ ನಾಲ್ಕೇ ಸಾಲು ಎಂಬುದು ಅಲ್ಲಿನ ಕಟ್ಟಪ್ಪಣೆ. 'ಪತ್ನಿ, ಮೂವರು ಪುತ್ರರು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ' ಎಂಬುದನ್ನು ಮುಟ್ಟುವಂತಿರಲಿಲ್ಲ. ಹಾಗಾಗಿ ನನ್ನ ಕೆಂಪು ಪೆನ್ನು ಹೋಗುತ್ತಿದ್ದದ್ದು ಒಂದೇ ಕಡೆಗೆ: 'ಮೂಲತಃ ಇಂಥಲ್ಲಿಯವರಾಗಿದ್ದು, ಇಷ್ಟು ವರ್ಷದ ಹಿಂದೆ ಇಲ್ಲಿ ಬಂದು ನೆಲೆಸಿದ್ದರು.' ಹೆಂಗಸರದ್ದಾದರೆ ತವರುಮನೆಯ ಹೆಸರು. ದಿನಕ್ಕೆ ಹತ್ತು ಹನ್ನೆರಡು ಸಲ ಹೀಗೆ ಕತ್ತರಿಸಿದ್ದೇನೆ.

ಇಪ್ಪತ್ತು ವರ್ಷ ಕಳೆದು ಮುಂಬಯಿಯಿಂದ ಒಬ್ಬ ಹುಡುಗ ನಮ್ಮ ಈ ಕಚೇರಿಗೆ ಬಂದ. ಅಜ್ಜ ಹೋಟೆಲ್ ಕೆಲಸಕ್ಕೆಂದು ಊರು ಬಿಟ್ಟವರು. ಅಜ್ಜಿ ತೀರಿಕೊಂಡಾಗ ಪೇಪರಿನಲ್ಲಿ ಬಂದ ತುಂಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದಿದ್ದ. ಅಂಚು ಹಳದಿಯಾಗಿತ್ತು, ಮಡಿಕೆಯಲ್ಲಿ ಒಂದು ಅಕ್ಷರ ಹಾರಿತ್ತು. "ಇದರಲ್ಲಿ ಅಜ್ಜಿಯ ತವರು ಯಾವುದೆಂದು ಇಲ್ಲ ಸಾರ್. ಬರೆದವರಿಗೆ ಗೊತ್ತಿದ್ದಿರಬೇಕು, ಅಲ್ವಾ?" ಎಂದ. ನಾಲ್ಕು ಸಾಲು. ಪತ್ರಿಕೆ ಅದೇ, ತಿಂಗಳು ವರ್ಷ ನಾನು ಅಲ್ಲಿದ್ದದ್ದೇ. ನಾನು ಅವನಿಗೆ ಚಹಾ ತರಿಸಿಕೊಟ್ಟೆ. ಕತ್ತರಿಸಿದವನು ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಅಂದಿನಿಂದ ನಮ್ಮ ಮಾಸಿಕದಲ್ಲಿ ನಿಧನ ವಾರ್ತೆಗೆ ಸಾಲಿನ ಲೆಕ್ಕ ಇಲ್ಲ. ತವರುಮನೆಯ ಹೆಸರಿಲ್ಲದೆ ಬಂದರೆ ನಾವೇ ಫೋನ್ ಮಾಡಿ ಕೇಳುತ್ತೇವೆ. ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ.

ಹೊಸ ತರವಾಡು ಮನೆಗಳ (ಕುಟುಂಬದ ಮೂಲಮನೆಗಳ) ಸ್ಮರಣ ಸಂಚಿಕೆಗಳದ್ದು ಇನ್ನೊಂದು ಸಂಕಟ. ದಪ್ಪ ಕಾಗದ, ಬಣ್ಣದ ಫೋಟೊ, ಐವತ್ತು ಪುಟ ಜಾಹೀರಾತು. ಕುಟುಂಬದ ಚರಿತ್ರೆ ಒಂದೂವರೆ ಪುಟ. ಅದೂ 'ಅಷ್ಟಮಂಗಲ ಪ್ರಶ್ನೆಯಲ್ಲಿ ಕಂಡುಬಂದ ಪ್ರಕಾರ' ಎಂದು ಶುರು. ಪ್ರಶ್ನೆ ಇಡಿಸಬೇಡಿ ಎಂದು ನಾನು ಹೇಳುವುದಿಲ್ಲ, ದೈವ ದೇವರ ಕೆಲಸ ಅವರವರಿಗೆ ಬಿಟ್ಟದ್ದು. ಆದರೆ ಎಲ್ಲಿಂದಲೋ ಬಂದ ಜೋಯಿಸರ ಕವಡೆಯನ್ನು ಮೂರು ದಿನ ಕೇಳಿದವರು, ಅದೇ ಚಪ್ಪರದ ಮೂಲೆಯಲ್ಲಿ ವೀಳ್ಯ ಜಗಿಯುತ್ತಾ ಕುಳಿತ ತೊಂಬತ್ತರ ದೊಡ್ಡಮ್ಮನನ್ನು ಮೂರು ನಿಮಿಷ ಕೇಳಲಿಲ್ಲವಲ್ಲ! ಕೇಳಿದರೆ ಅವರು ಏನು ಹೇಳಿಬಿಡುತ್ತಾರೋ ಎಂಬ ಹೆದರಿಕೆಯೇ ಜಾಸ್ತಿ ಇರಬೇಕು.

ಕಾಗದ ಹುಡುಕಿದರೂ ಓದುವವರು ಎಲ್ಲಿ? 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಲಿ ಎಂದು 1967ರಲ್ಲಿ ಮಹಾಜನ ವರದಿ ಹೇಳಿತು, ಹೇಳಿ ಹಾಗೇ ಉಳಿಯಿತು. ನೀವು ಹೊಳೆಯ ದಕ್ಷಿಣದವರು. ನಿಮ್ಮನ್ನು ಆ ವರದಿಯೂ ಲೆಕ್ಕಕ್ಕೆ ಹಿಡಿಯಲಿಲ್ಲ. ಈಗ ವಿಲ್ಲೇಜ್ ಆಫೀಸಿನಲ್ಲಿ ಕನ್ನಡದಲ್ಲಿ ಬರೆದ ಹಳೆಯ ಆಧಾರ ಪತ್ರ ಬಿಚ್ಚಿದರೆ ಅದನ್ನು ತಲೆಕೆಳಗಾಗಿ ಹಿಡಿದು ನೋಡುವವರಿದ್ದಾರೆ. ಅವರನ್ನು ಯಾಕೆ ದೂರಬೇಕು, ನಮ್ಮ ಮೊಮ್ಮಕ್ಕಳೇ ಹಾಗೆ ಹಿಡಿಯುತ್ತಾರೆ. ಓದಲು ಬಾರದ್ದನ್ನು ಮನೆ ರಿಪೇರಿ ಹೊತ್ತಿಗೆ ಗುಜರಿಯವನಿಗೆ ಕಿಲೋ ಲೆಕ್ಕದಲ್ಲಿ ಹಾಕುತ್ತಾರೆ.

ನಿಮ್ಮ ಹುಡುಗನಿಗೆ ಎರಡು ಮಾತು ಹೇಳಿ. ಹಳೆಯ ಕಾಗದದಲ್ಲಿ ಕಾಸರಗೋಡು ತಾಲೂಕು ಎಂದು ಮಾತ್ರ ಹುಡುಕಿದರೆ ಸಾಲದು, ಅದಕ್ಕೂ ಮೊದಲು ಅದು ಬೇಕಲ ತಾಲೂಕು. ಬ್ರಿಟಿಷರ ಕಾಲದಲ್ಲಿ ನಾವು ಮದ್ರಾಸಿನವರಾದ್ದರಿಂದ ಚೆನ್ನೈ ಎಗ್ಮೋರಿನ ಪತ್ರಾಗಾರಕ್ಕೂ ಹೋಗಬೇಕಾದೀತು. ಆದರೆ ಅದಕ್ಕೆ ಮೊದಲು ಒಂದು ವಾರ ರಜೆ ಹಾಕಿ ಊರಿಗೆ ಬರಲಿ. ಮನೆಯ ಹೆಂಗಸರು ಅಡುಗೆಮನೆಯಲ್ಲಿ ಮಾತಾಡುವಾಗ ಫೋನ್ ಪಕ್ಕಕ್ಕಿಟ್ಟು ಕುಳಿತುಕೊಳ್ಳಲಿ. ಮೂಲಪುರುಷ ಯಾರು ಎಂದು ಕೇಳಬಾರದು, ಕೇಳಿದರೆ ದಳವಾಯಿಯೇ ಎದ್ದು ಬರುತ್ತಾನೆ. ಯಾರ ಮನೆಯಲ್ಲಿ ನಾವು ಊಟ ಮಾಡುವುದಿಲ್ಲ, ಯಾಕೆ ಮಾಡುವುದಿಲ್ಲ ಎಂದು ಕೇಳಬೇಕು. ಯಾವ ದೇವಸ್ಥಾನಕ್ಕೆ ಹರಕೆ ಬಾಕಿ ಇದೆ ಎಂದು ಕೇಳಬೇಕು.

ಕೊನೆಗೊಂದು ತಕರಾರು ನಿಮ್ಮ ಮೇಲೆಯೇ. ಪತ್ರದ ಏಳನೇ ಪುಟದಲ್ಲಿ ಎರಡು ಸಾಲು ಬರೆದು, ಆಮೇಲೆ ನೀಲಿ ಶಾಯಿಯಲ್ಲಿ ಗೀಚಿ ಹೊಡೆದುಹಾಕಿದ್ದೀರಿ. ಟೀಚರ ಕೈ, ಚೆನ್ನಾಗಿಯೇ ಹೊಡೆದಿದ್ದೀರಿ. ನಾನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಸಾಲ ಕೊಟ್ಟವನ ಊರಿನ ಹೆಸರು ಅಲ್ಲಿದೆ, ಅಲ್ವಾ? ಮೊದಲ ಅಕ್ಷರ ಓದಲು ಬಂತು, ಉಳಿದದ್ದು ಬರಲಿಲ್ಲ. ಇನ್ನೊಂದು ಕಾರ್ಡಿನಲ್ಲಿ ಅದನ್ನು ಬಿಡಿಸಿ ಬರೆದು ಕಳಿಸಿ.

— ಸಂ.