ಬಿಸ್ಕತ್ತು ಹಂಚಿದವರ ಮೇಲೇಕೆ ಸಿಟ್ಟು, ಮೇಷ್ಟ್ರೇ?

ಅಮೆರಿಕದ ಜೈಲುಗಳಲ್ಲಿ ಧ್ಯಾನಕೂಟ ನಡೆಸುವ ‘ಕೈರೋಸ್’ ಎಂಬ ಕ್ರೈಸ್ತ ಸಂಘಟನೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ, ಸಾಗರದ ನಿವೃತ್ತ ಮೇಷ್ಟರೊಬ್ಬರು ಖಾರವಾಗಿ ಬರೆದಿದ್ದಾರೆ: “ಮೂರು ದಿನ ಹಾಡು, ಪ್ರಾರ್ಥನೆ, ಬಿಸ್ಕತ್ತು. ಇಷ್ಟಕ್ಕೇ ಕೊಲೆಗಾರ ಸಂತನಾಗುತ್ತಾನೆಯೇ? ಎದ್ದು ಹೋಗಲಾಗದವನ ಮುಂದೆ ಧರ್ಮಬೋಧೆ ಯಾವ ನ್ಯಾಯ? ಕೊಲೆಯಾದವನ ಮನೆಗೆ ಬಿಸ್ಕತ್ತು ಒಯ್ದವರು ಯಾರು?”

ಎರಡನೆಯ ಪ್ರಶ್ನೆಯನ್ನು ಒಪ್ಪಿದೆ. ಅಯೋವಾದ ನ್ಯೂಟನ್ ಜೈಲಿನಲ್ಲಿ ಸರ್ಕಾರಿ ದುಡ್ಡು ಪಡೆದು ಬೇರೊಂದು ಸಂಸ್ಥೆ ನಡೆಸುತ್ತಿದ್ದ ಇಂಥ ಕಾರ್ಯಕ್ರಮವನ್ನು 2006ರಲ್ಲಿ ಫೆಡರಲ್ ನ್ಯಾಯಾಲಯ ಸಂವಿಧಾನಬಾಹಿರ ಎಂದಿತು. ಸರಿಯಾದ ತೀರ್ಪೇ.

ಆದರೆ ಕೈರೋಸ್ ಬೆಳೆದ ಬಗೆ ನೋಡಿ. 1976ರಲ್ಲಿ ಫ್ಲಾರಿಡಾದ ರೇಫೋರ್ಡ್ ಜೈಲಿನಲ್ಲಿ ಶುರುವಾದದ್ದು ಇವತ್ತು ಮೂವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿದೆ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಕ್ಕೂ ಹೋಗಿದೆ. ಸ್ವಯಂಸೇವಕರು ಹುಡುಕುವುದು ಸಾಧು ಕೈದಿಗಳನ್ನಲ್ಲ. ಬ್ಯಾರಕ್ಕಿನಲ್ಲಿ ಯಾರ ಮಾತು ನಡೆಯುತ್ತದೋ ಅಂಥ ದಾದಾಗಳನ್ನು. ಬಿಸ್ಕತ್ತು ಚರ್ಚಿನವರು ಮನೆಯಲ್ಲೇ ಸುಟ್ಟದ್ದು. ಕೂಟಕ್ಕೆ ಬಂದವರಿಗಷ್ಟೇ ಅಲ್ಲ, ಇಡೀ ಜೈಲಿಗೆ ಹಂಚುತ್ತಾರೆ. ಒಂದು ಪೊಟ್ಟಣ ಮಾತ್ರ, ನಿನಗೆ ಯಾರನ್ನು ಕಂಡರಾಗದೋ ಅವನಿಗೆ ನೀನೇ ಒಯ್ದು ಕೊಡು ಎಂದು ಕೈಗಿಡುತ್ತಾರೆ. ಬೈಬಲ್ ಪಾಠಕ್ಕಿಂತ ಇದು ಕಷ್ಟದ್ದು! ಕೂಟ ಮುಗಿದ ಮೇಲೂ ತಿಂಗಳು ತಿಂಗಳು ಬರುತ್ತಾರೆ. ನನ್ನನ್ನು ಹಿಡಿದದ್ದು ಈ ಮತ್ತೆ ಬರುವ ಸಂಗತಿಯೇ. ಯೇಸುವಿನಿಂದ ಯಾರು ಬದಲಾದರು ಎಂಬುದನ್ನು ದೇವರಿಗೇ ಬಿಡುತ್ತೇನೆ.

ಇವರಿಗೆ ಜಾಗ ಬಿಟ್ಟುಕೊಟ್ಟವರು ಯಾರು ಹೇಳಿ? 1976ರಲ್ಲಿ ಅಮೆರಿಕದ ರಾಜ್ಯ ಮತ್ತು ಫೆಡರಲ್ ಜೈಲುಗಳಲ್ಲಿ ಎರಡೂವರೆ ಲಕ್ಷ ಚಿಲ್ಲರೆ ಕೈದಿಗಳಿದ್ದರು. 2009ರ ಹೊತ್ತಿಗೆ ಹದಿನಾರು ಲಕ್ಷ. ನಡುವೆ 1994ರಲ್ಲಿ, ಕೈದಿಗಳು ಕಾಲೇಜು ಓದಲು ಸಿಗುತ್ತಿದ್ದ ಪೆಲ್ ಅನುದಾನವನ್ನೇ ಕಾನೂನು ಮಾಡಿ ಕಿತ್ತುಕೊಂಡರು. ಅದು ಪೂರ್ತಿ ಮರಳಿದ್ದು 2023ರಲ್ಲಿ. ಪ್ರೊಫೆಸರು ಹೊರಬಿದ್ದ ಬಾಗಿಲಿಂದ ಪಾದ್ರಿ ಒಳಗೆ ಬಂದರೆ ಪಾದ್ರಿಯನ್ನು ಬೈದು ಏನು ಫಲ?

ನಮ್ಮಲ್ಲೂ ಅಷ್ಟೇ. 1994ರಲ್ಲಿ ದೆಹಲಿಯ ತಿಹಾರ ಜೈಲಿನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳನ್ನು ವಿಪಶ್ಯನ ಧ್ಯಾನಕ್ಕೆ ಕೂರಿಸಿದವರು ಧ್ಯಾನಗುರು ಗೋಯೆಂಕಾ. ಬಾಗಿಲು ತೆರೆದವರು ಆಗಿನ ಜೈಲು ಮುಖ್ಯಸ್ಥೆ ಕಿರಣ್ ಬೇಡಿ. ಕೇರಳದಲ್ಲಿ ಕ್ಯಾಥೊಲಿಕರು 1981ರಲ್ಲಿ ಆರಂಭಿಸಿದ ಜೈಲುಸೇವೆಯ ರಾಷ್ಟ್ರೀಯ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. ದೇವರ ಹೆಸರೆತ್ತದೆ ಜೈಲಿನೊಳಗೆ ಹೋದ ಕನ್ನಡಿಗರನ್ನು ಎಣಿಸಿ ನೋಡಿ. ಜೀವಾವಧಿ ಕೈದಿಗಳನ್ನು ರಂಗಕ್ಕೆ ತಂದ ರಂಗಾಯಣದ ಹುಲುಗಪ್ಪ ಕಟ್ಟೀಮನಿ ನೆನಪಾಗುತ್ತಾರೆ. ಆಮೇಲೆ ನನಗೆ ಬೆರಳು ಮಡಿಸುವುದೇ ಕಷ್ಟ. ನಮ್ಮ ಸಾಹಿತ್ಯ ಸಮ್ಮೇಳನಗಳಲ್ಲಿ ಊಟದ ಗೋಷ್ಠಿಗೆ ತಾಸುಗಟ್ಟಲೆ ಸಮಯವಿದೆ. ಜೈಲಿನ ಗ್ರಂಥಾಲಯದ ಬಗ್ಗೆ ಒಂದು ಠರಾವಾದರೂ ಆದದ್ದನ್ನು ನಾನು ಕೇಳಿಲ್ಲ.

ಕೊಲೆಯಾದವನ ಮನೆಗೆ ಯಾರು ಹೋದರು ಎಂದಿರಿ. ಯಾರೂ ಹೋಗಿಲ್ಲ. ಅವರ ಹೆಸರಲ್ಲಿ ಗಲ್ಲು ಗಲ್ಲು ಎಂದು ಕೂಗುವವರೂ ಹೋಗಿಲ್ಲ, ನಾನೂ ಹೋಗಿಲ್ಲ, ನೀವೂ ಹೋಗಿರಲಾರಿರಿ.

ಇಷ್ಟಕ್ಕೂ ಒಳಗಿರುವವರೆಲ್ಲ ಕೊಲೆಗಾರರು ಎಂದು ನಿಮಗೆ ಹೇಳಿದವರಾರು? 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಜನರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು. ತಪ್ಪು ಇನ್ನೂ ಸಾಬೀತಾಗದವರು. ಜಾಮೀನು ಸಿಕ್ಕಿಯೂ ಶ್ಯೂರಿಟಿಗೆ ಆಸಾಮಿ ಸಿಗದೆ ಉಳಿದವರೂ ಇದರಲ್ಲಿದ್ದಾರೆ. ನನ್ನ ಸ್ನೇಹಿತರಾದ ವಕೀಲರೊಬ್ಬರು ಹೇಳುತ್ತಿದ್ದರು: ಇಂಥವನ ಪಹಣಿ ತರಲು ಊರಿಗೆ ಹೋದರೆ ಅಣ್ಣತಮ್ಮಂದಿರೇ ಬಾಗಿಲು ಹಾಕಿಕೊಳ್ಳುತ್ತಾರಂತೆ. ಸಂದರ್ಶನಕ್ಕೂ ಯಾರೂ ಬಾರದ ಅವನೆದುರು ಅಪರಿಚಿತನೊಬ್ಬ ಹೆಸರು ಹಿಡಿದು ಕರೆದು ಕೂತರೆ, ಬಂದವನ ಕೈಯಲ್ಲಿರುವುದು ಬೈಬಲ್ಲೋ ಭಗವದ್ಗೀತೆಯೋ ಎಂದು ಅವನು ನೋಡುತ್ತಾನೆಯೇ?

ಇಡೀ ಆಯುಷ್ಯ ಮಕ್ಕಳಿಗೆ ಕನ್ನಡ ಕಲಿಸಿದವರು ನೀವು. ನಿಮ್ಮ ಅಕ್ಷರ ಮುತ್ತಿನಂತಿದೆ. ಶಿವಮೊಗ್ಗದ ಕೇಂದ್ರ ಕಾರಾಗೃಹ ನಿಮಗೇನೂ ದೂರವಲ್ಲ. ಸೂಪರಿಂಟೆಂಡೆಂಟರಿಗೆ ಒಂದು ಅರ್ಜಿ ಬರೆಯಿರಿ. ಅನುಮತಿ ಕೊಡದಿದ್ದರೆ ಆ ಪತ್ರವನ್ನೂ ಪ್ರಕಟಿಸುತ್ತೇನೆ, ಇದಕ್ಕಿಂತ ದೊಡ್ಡ ಅಕ್ಷರದಲ್ಲಿ.

– ಸಂ.